ಆಟದ ಖರ್ಚು ಯಾರದು?



ಸಮಾಜ ವಿಜ್ಞಾನದ ಮೇಷ್ಟ್ರು ಕಂಪ್ಯೂಟರ್ ಆಟಗಳ ಬಗ್ಗೆ ಬರೆಯಲು ಹೊರಟಿದ್ದಾರೆಂದರೆ ನಿಮಗೆ ನಗು ಬರಬಹುದು. ಪಾಣಿಪತ್ ಕದನದ ಇಸವಿ ಮರೆತವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮನುಷ್ಯನಿಗೆ ಈ ವಯಸ್ಸಿನಲ್ಲಿ ಇದೇನು ಹುಚ್ಚು ಎನ್ನಬೇಡಿ. ಇದೂ ಇತಿಹಾಸವೇ. ಅಲ್ಲದೆ ಇದರೊಳಗೆ ನನ್ನದೊಂದು ಹಳೆಯ ತಪ್ಪು ಸೇರಿಕೊಂಡಿದೆ. ಅದನ್ನು ಒಪ್ಪಿಕೊಳ್ಳದೆ ಈ ಬರಹ ಮುಗಿಯುವುದಿಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ಮಗಳ ಮಗ ಬಂದಿದ್ದ. ಐದನೆಯ ತರಗತಿಯ ಹುಡುಗ. ಜಗಲಿಯಲ್ಲಿ ಕುಳಿತು ಅಮ್ಮನ ಫೋನಿನಲ್ಲಿ ಏನೋ ಆಡುತ್ತಿದ್ದ. “ಈ ಆಟಕ್ಕೆ ಎಷ್ಟು ಕೊಟ್ಟೆಯೋ?” ಎಂದು ಕೇಳಿದೆ. “ಇದು ಫ್ರೀ ಅಜ್ಜಾ, ಒಂದು ಪೈಸೆಯೂ ಇಲ್ಲ” ಎಂದ. ಅರ್ಧ ಗಂಟೆ ಕಳೆದಿರಬಹುದು, ತಾನಾಗಿಯೇ ಹತ್ತಿರ ಬಂದು, “ಅಜ್ಜಾ, ಮುನ್ನೂರು ರೂಪಾಯಿ ಕೊಡ್ತೀಯಾ?” ಎಂದು ಕೇಳಿದ.

“ಫ್ರೀ ಅಂದೆಯಲ್ಲ?”

“ಆಟ ಫ್ರೀ. ಅಂಗಿಗೆ ಮಾತ್ರ ದುಡ್ಡು.”

ಅಂಗಿ ಅವನಿಗಲ್ಲ, ಪರದೆಯ ಮೇಲೆ ಓಡಾಡುವ ಬೊಂಬೆಗೆ! ನಾನು ನಕ್ಕುಬಿಟ್ಟೆ. ಆದರೆ ರಾತ್ರಿ ಮಲಗಿದ ಮೇಲೆ ಯೋಚನೆ ಹತ್ತಿತು. ಇಷ್ಟು ದೊಡ್ಡ ಆಟವನ್ನು ಕಟ್ಟಲು ನೂರಾರು ಜನ ದುಡಿದಿರಬೇಕು. ಅವರ ಸಂಬಳ ಎಲ್ಲಿಂದ ಬರುತ್ತದೆ? ಈ ಆಟದ ಖರ್ಚು ಯಾರದು?

ನಮ್ಮ ಕರಾವಳಿಯವರಿಗೆ ಇದು ಹೊಸ ಪ್ರಶ್ನೆಯಲ್ಲ. ನಮ್ಮಲ್ಲಿ ‘ಆಟ’ ಎಂದರೆ ಯಕ್ಷಗಾನವೆಂದೇ ಅರ್ಥ. ನಾವು ಚಿಕ್ಕವರಾಗಿದ್ದಾಗ ಆಟಗಳಲ್ಲಿ ಎರಡು ಬಗೆ. ಸಾಲಿಗ್ರಾಮ, ಪೆರ್ಡೂರು ಮುಂತಾದ ಮೇಳಗಳದು ಡೇರೆ ಆಟ. ಅಲ್ಲಿ ನೆಲಕ್ಕೊಂದು ದರ, ಕುರ್ಚಿಗೊಂದು ದರ. ಇನ್ನೊಂದು ಹರಕೆಯ ಬಯಲಾಟ. ಗದ್ದೆಯಲ್ಲಿ ರಂಗಸ್ಥಳ ಹಾಕಿದರೆ ಊರೆಲ್ಲ ಬಂದು ಬೆಳಗಿನವರೆಗೆ ನೋಡಬಹುದು, ಯಾರೂ ಟಿಕೇಟು ಕೇಳುವುದಿಲ್ಲ. ಹಾಗೆಂದು ಅದಕ್ಕೆ ಖರ್ಚೇ ಇರಲಿಲ್ಲವೆಂದಲ್ಲ. ಹರಕೆ ಹೊತ್ತ ಮನೆಯವರು ಅದನ್ನು ಭರಿಸುತ್ತಿದ್ದರು. ಅವರಿಗೆ ‘ಆಟ ಆಡಿಸುವವರು’ ಎಂದು ಹೆಸರು. ಕಟೀಲು ಮೇಳಗಳ ಹರಕೆಯಾಟಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಊರಿಗೆಲ್ಲ ಧರ್ಮಕ್ಕೆ ಸಿಗುವ ಆಟದ ಹಿಂದೆ ಒಂದು ಮನೆಯವರ ಗಂಟು ಕರಗುತ್ತದೆ. ಆ ಮನೆಯವರು ಯಾರೆಂದು ಊರಿಗೆ ಗೊತ್ತು. ಎಷ್ಟು ಖರ್ಚೆಂದು ಅವರಿಗೂ ಮೊದಲೇ ಗೊತ್ತು.

ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ಕಂಪ್ಯೂಟರ್ ಆಟಗಳ ಚರಿತ್ರೆಯನ್ನು ಓದತೊಡಗಿದೆ. ಓದುತ್ತ ಹೋದಂತೆ 1996ರ ಒಂದು ಮಧ್ಯಾಹ್ನ ಕಣ್ಣೆದುರು ಬಂದು ನಿಂತಿತು.

ನಾನು ಆಗ ಕೆಲಸ ಮಾಡುತ್ತಿದ್ದ ಶಾಲೆಗೆ ಎರಡು ಕಂಪ್ಯೂಟರುಗಳು ಬಂದಿದ್ದವು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾದ ಕೋಣೆ ಅದು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಊಟದ ಬಿಡುವಿನಲ್ಲಿ ಅಂಗಿಯ ಜೇಬಿನಿಂದ ಫ್ಲಾಪಿ ತೆಗೆದು ‘ವುಲ್ಫೆನ್‌ಸ್ಟೈನ್’ ಎಂಬ ಆಟ ಆಡುತ್ತಿದ್ದಾಗ ಸಿಕ್ಕಿಬಿದ್ದ. ನಾಜಿ ಕೋಟೆಯೊಳಗಿಂದ ಸೈನಿಕನೊಬ್ಬ ಗುಂಡು ಹಾರಿಸುತ್ತ ತಪ್ಪಿಸಿಕೊಳ್ಳುವ ಆಟ. “ಎಲ್ಲಿಂದ ಕದ್ದು ತಂದೆ?” ಎಂದು ಗದರಿಸಿದೆ. “ಕದ್ದದ್ದಲ್ಲ ಸಾರ್, ಇದು ಫ್ರೀ. ಪ್ರತಿ ಮಾಡಿ ಬೇರೆಯವರಿಗೂ ಕೊಡಬಹುದು ಅಂತ ಅದರೊಳಗೇ ಬರೆದಿದೆ ಸಾರ್” ಎಂದು ತೊದಲಿದ. “ಪುಕ್ಕಟೆ ಕೊಡಲು ಅದನ್ನು ಮಾಡಿದವರು ನಿನ್ನ ಮಾವಂದಿರೋ?” ಎಂದೆ. ತರಗತಿಯೆಲ್ಲ ನಕ್ಕಿತು. ಫ್ಲಾಪಿ ಕಿತ್ತುಕೊಂಡೆ, ಕಳ್ಳ ಮಾಲಿನ ಬಗ್ಗೆ ಹತ್ತು ನಿಮಿಷ ಉಪದೇಶ ಮಾಡಿದೆ, ಎಲ್ಲರ ಎದುರಿಗೆ ಕ್ಷಮೆ ಕೇಳಿಸಿದೆ.

ಆ ಹುಡುಗ ಹೇಳಿದ್ದು ಸತ್ಯವಾಗಿತ್ತೇ? ಅದಕ್ಕೆ ಉತ್ತರ ಹೇಳಬೇಕಾದರೆ ಮೊದಲಿನಿಂದ ಆರಂಭಿಸಬೇಕು.

ಕಂಪ್ಯೂಟರ್ ಆಟಗಳ ಆದಿಯಲ್ಲಿ ಇದ್ದದ್ದು ಮಾರಾಟವಲ್ಲ, ದಾನ. 1962ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ‘ಸ್ಪೇಸ್‌ವಾರ್’ ಎಂಬ ಆಟ ಬರೆದರು. ಎರಡು ಆಕಾಶನೌಕೆಗಳು ನಕ್ಷತ್ರವೊಂದರ ಸೆಳೆತದಲ್ಲಿ ಸುತ್ತುತ್ತ ಪರಸ್ಪರ ಕಾದಾಡುವ ಆಟ ಅದು. ಅದು ಓಡುತ್ತಿದ್ದ ಪಿಡಿಪಿ-1 ಯಂತ್ರದ ಬೆಲೆ ಸುಮಾರು 1 ಲಕ್ಷ 20 ಸಾವಿರ ಡಾಲರ್. ಲೋಕದಲ್ಲಿ ಅಂಥವು ಇದ್ದದ್ದೇ ಐವತ್ತು ಚಿಲ್ಲರೆ. ಆಟವನ್ನು ಮಾರೋಣವೆಂದರೆ ಕೊಳ್ಳುವವರಾದರೂ ಯಾರು? ಹಾಗಾಗಿ ಕೇಳಿದವರಿಗೆಲ್ಲ ತೂತು ಕೊರೆದ ಕಾಗದದ ಪಟ್ಟಿಯಲ್ಲಿ ಪ್ರತಿ ಮಾಡಿ ಕೊಟ್ಟರು. ರಸೆಲ್‌ಗೆ ಅದರಿಂದ ಬಿಡಿಕಾಸೂ ಬರಲಿಲ್ಲ. ಸುಮಾರು ಒಂಬತ್ತು ವರ್ಷಗಳ ತರುವಾಯ, 1971ರಲ್ಲಿ, ಅದೇ ಆಟದ ಮಾದರಿಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ಯಂತ್ರವನ್ನು ನಿಲ್ಲಿಸಿ, ಆಟವೊಂದಕ್ಕೆ ಹತ್ತು ಸೆಂಟಿನಂತೆ ನಾಣ್ಯ ಹಾಕಿಸಿಕೊಳ್ಳತೊಡಗಿದರು. ಧರ್ಮದ ಆಟ ಅಲ್ಲಿಗೆ ಡೇರೆಯೊಳಗೆ ಹೊಕ್ಕಿತು.

ಇನ್ನೊಂದು ಉದಾಹರಣೆ ಸೋವಿಯತ್ ಒಕ್ಕೂಟದ್ದು. 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣನ ಕೇಂದ್ರದಲ್ಲಿ ಅಲೆಕ್ಸಿ ಪಾಜಿಟ್ನೋವ್ ‘ಟೆಟ್ರಿಸ್’ ರಚಿಸಿದ. ಮೇಲಿನಿಂದ ಬೀಳುವ ತುಂಡುಗಳನ್ನು ಸಾಲಾಗಿ ಜೋಡಿಸುವ ಆಟ. ನಿಮ್ಮಲ್ಲಿ ಆಡದವರು ವಿರಳ. ಹದಿನಾರು ವರ್ಷದ ವದೀಮ್ ಗೆರಾಸಿಮೋವ್ ಅದನ್ನು ಪಿಸಿಯಲ್ಲಿ ಓಡುವಂತೆ ಮಾಡಲು ನೆರವಾದ. ಅಲ್ಲಿಂದ ಫ್ಲಾಪಿಯಿಂದ ಫ್ಲಾಪಿಗೆ ಹಾರಿ ಮಾಸ್ಕೋ ತುಂಬ ಹಬ್ಬಿತು, ಆಮೇಲೆ ಗಡಿಯನ್ನೂ ದಾಟಿತು. ವಿದೇಶೀ ಕಂಪನಿಗಳು ಹಕ್ಕಿಗಾಗಿ ಕಿತ್ತಾಡಿದವು. ಸೋವಿಯತ್ ಸರಕಾರದ ಸಂಸ್ಥೆ ಹಣ ಪಡೆಯಿತು. ಕರ್ತೃವಿಗೆ ತನ್ನ ಆಟದ ಹಕ್ಕು ದಕ್ಕಿದ್ದು 1996ರಲ್ಲಿ. ಹಾಗಾದರೆ ಆ ಹನ್ನೆರಡು ವರ್ಷ ಈ ‘ಪುಕ್ಕಟೆ’ಯ ಖರ್ಚನ್ನು ಹೊತ್ತವರು ಯಾರು? ಪಾಜಿಟ್ನೋವ್ ಒಬ್ಬನೇ.

ಇಲ್ಲಿ ಒಂದು ಶಬ್ದದ ವಿಚಾರ ಹೇಳಬೇಕು. ‘ಬಿಟ್ಟಿ’ ಎಂದರೆ ಪುಕ್ಕಟೆ ಎಂದು ನಾವು ಬಳಸುತ್ತೇವೆ. ಅದರ ಮೂಲ ಸಂಸ್ಕೃತದ ‘ವಿಷ್ಟಿ’. ಕೂಲಿ ಕೊಡದೆ ಮಾಡಿಸಿಕೊಳ್ಳುವ ದುಡಿಮೆ ಎಂಬುದು ಅದರ ಹಳೆಯ ಅರ್ಥ. ನಮ್ಮ ಶಾಸನಗಳಲ್ಲಿ ಬರುವ ‘ಬಿಟ್ಟಿ’ಯೂ ಅದೇ. ಒಬ್ಬನಿಗೆ ಬಿಟ್ಟಿ ಸಿಕ್ಕಿತೆಂದರೆ ಇನ್ನೊಬ್ಬ ಬಿಟ್ಟಿ ದುಡಿದಿದ್ದಾನೆ ಎಂದೇ ಅರ್ಥ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದಾನದ ಕಾಲದ ನಂತರ ಬಂದದ್ದು ರುಚಿ ತೋರಿಸುವ ಕಾಲ. ಸಂತೆಯಲ್ಲಿ ಬೆಲ್ಲದ ವ್ಯಾಪಾರಿ ಒಂದು ಚೂರು ಮುರಿದು ಕೈಗಿಡುತ್ತಾನಲ್ಲ, ಹಾಗೆ. ಅಮೆರಿಕದಲ್ಲಿ 1982ರ ಸುಮಾರಿಗೆ ಕೆಲವರು ತಮ್ಮ ಸಾಫ್ಟ್‌ವೇರನ್ನು ಎಲ್ಲರಿಗೂ ಹಂಚಿ, ಮೆಚ್ಚಿದವರು ಹಣ ಕಳಿಸಿ ಎಂದು ಕೇಳುವ ಪದ್ಧತಿ ಆರಂಭಿಸಿದರು. ಇದೇ ‘ಶೇರ್‌ವೇರ್’. ಆದರೆ ಆಟ ಪೂರ್ತಿ ಕೈಗೆ ಸಿಕ್ಕ ಮೇಲೆ ಹಣ ಕಳಿಸುವವರು ಎಷ್ಟು ಜನ? ಟೆಕ್ಸಾಸಿನ ಸ್ಕಾಟ್ ಮಿಲ್ಲರ್ ಇದಕ್ಕೊಂದು ಉಪಾಯ ಕಂಡುಹಿಡಿದ. ತನ್ನ ಅಪೋಜೀ ಕಂಪನಿಯಿಂದ 1987ರಿಂದ ಆಟಗಳನ್ನು ಭಾಗಗಳಾಗಿ ಒಡೆದ. ಮೊದಲ ಭಾಗ ಪುಕ್ಕಟೆ, ಯಾರು ಬೇಕಾದರೂ ಪ್ರತಿ ಮಾಡಿ ಹಂಚಬಹುದು. ಮುಂದಿನ ಭಾಗಗಳು ಬೇಕೆಂದರೆ ಮಾತ್ರ ಹಣ. ಧಾರಾವಾಹಿಯ ಮೊದಲ ಕಂತನ್ನು ಓದಿದವನು ಮುಂದಿನ ವಾರ ಪತ್ರಿಕೆ ಕೊಳ್ಳದೆ ಇರುತ್ತಾನೆಯೇ?

ಈ ಉಪಾಯದಿಂದ ಮೇಲೆ ಬಂದವರು ಇಡ್ ಸಾಫ್ಟ್‌ವೇರ್ ಎಂಬ ಪುಟ್ಟ ತಂಡದ ಯುವಕರು. ಅವರ ‘ಕಮಾಂಡರ್ ಕೀನ್’ 1990ರ ಡಿಸೆಂಬರಿನಲ್ಲಿಯೂ, ‘ವುಲ್ಫೆನ್‌ಸ್ಟೈನ್ 3ಡಿ’ 1992ರ ಮೇ ತಿಂಗಳಿನಲ್ಲಿಯೂ ಅಪೋಜೀ ಮೂಲಕ ಹೊರಬಂದವು. ವುಲ್ಫೆನ್‌ಸ್ಟೈನಿನ ಆರು ಭಾಗಗಳಲ್ಲಿ ಮೊದಲನೆಯದನ್ನು ಲೋಕಕ್ಕೆಲ್ಲ ಬಿಟ್ಟುಕೊಟ್ಟಿದ್ದರು. ಹಿಟ್ಲರನ ಎದುರು ನಿಲ್ಲಬೇಕಾದರೆ ಮೂರನೆಯ ಭಾಗದವರೆಗೆ ಹೋಗಬೇಕು, ಅದಕ್ಕೆ ದುಡ್ಡು ಕೊಡಬೇಕು. ಮರುವರ್ಷ, 1993ರ ಡಿಸೆಂಬರ್ 10ರಂದು, ‘ಡೂಮ್’ ಆಟದ ಮೊದಲ ಭಾಗವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಏರಿಸಲು ಹೊರಟಾಗ, ಆಗಲೇ ಕಾದು ನಿಂತವರ ನೂಕುನುಗ್ಗಲಿನಿಂದ ಏರಿಸುವವರಿಗೇ ಜಾಗ ಸಿಗಲಿಲ್ಲವಂತೆ!

ಅಂದರೆ ನನ್ನ ವಿದ್ಯಾರ್ಥಿ ಹೇಳಿದ್ದು ಅಕ್ಷರಶಃ ಸತ್ಯ. ಆ ಒಂದು ಭಾಗವನ್ನು ಪ್ರತಿ ಮಾಡಿ ಹಂಚಿ ಎಂದು ಅದನ್ನು ರಚಿಸಿದವರೇ ಕೇಳಿಕೊಂಡಿದ್ದರು. ಫ್ಲಾಪಿ ಜೇಬಿನಲ್ಲಿಟ್ಟುಕೊಂಡು ಗೆಳೆಯರಿಗೆ ಕೊಡುತ್ತಿದ್ದ ಹುಡುಗ ಕಳ್ಳನಾಗಿರಲಿಲ್ಲ. ಅವರ ಪಾಲಿಗೆ ಸಂಬಳವಿಲ್ಲದ ಪ್ರಚಾರಕನಾಗಿದ್ದ. ಅಲ್ಲಿ ಬರೆದಿದ್ದುದನ್ನು ಅವನು ಓದಿದ್ದ, ಓದುವುದನ್ನು ಕಲಿಸಬೇಕಾದ ನಾನು ಓದಿರಲಿಲ್ಲ.

ಈ ರುಚಿಯ ಕಾಲ ಮುಗಿದು ಮೂರನೆಯ ಕಾಲ ಹುಟ್ಟಿದ್ದು ದಕ್ಷಿಣ ಕೊರಿಯಾದಲ್ಲಿ. 1997ರ ಆರ್ಥಿಕ ಕುಸಿತದ ಬಳಿಕ ಅಲ್ಲಿ ಗಂಟೆಯ ಲೆಕ್ಕದಲ್ಲಿ ಕಂಪ್ಯೂಟರ್ ಬಾಡಿಗೆಗೆ ಕೊಡುವ ‘ಪಿಸಿ ಬಾಂಗ್’ ಎಂಬ ಅಂಗಡಿಗಳು ಬೀದಿಬೀದಿಗಳಲ್ಲಿ ಎದ್ದವು. ನೆಕ್ಸಾನ್ ಎಂಬ ಕಂಪನಿ 1999ರಲ್ಲಿ ‘ಕ್ವಿಜ್‌ಕ್ವಿಜ್’ ಎಂಬ ಆಟ ತಂದಿತು. ತಿಂಗಳ ಚಂದಾ ಕೇಳಿದಾಗ ಆಟಗಾರರು ಚದುರಿದರು. ಕಂಪನಿ ಆಗ ಚಂದಾ ಕೈಬಿಟ್ಟು ಬಾಗಿಲನ್ನು ಪೂರ್ತಿ ತೆರೆಯಿತು, ಒಳಗೆ ಬಂದವರಿಗೆ ಬೊಂಬೆಯ ಉಡುಪು ಮುಂತಾದ ಸಣ್ಣಪುಟ್ಟ ವಸ್ತುಗಳನ್ನು ಮಾರತೊಡಗಿತು. ನನ್ನ ಮೊಮ್ಮಗ ಕೇಳಿದ ಅಂಗಿಯ ವಂಶವೃಕ್ಷದ ಬೇರು ಅಲ್ಲಿದೆ. 2009ರ ಅಕ್ಟೋಬರಿನಲ್ಲಿ ಆಪಲ್ ಕಂಪನಿ ತನ್ನ ಫೋನಿನ ಪುಕ್ಕಟೆ ಆಟಗಳೊಳಗೂ ಮಾರಾಟಕ್ಕೆ ಅನುಮತಿ ಕೊಟ್ಟ ಮೇಲೆ ಈ ಪದ್ಧತಿ ಜಗತ್ತಿನ ಜೇಬುಗಳಿಗೆಲ್ಲ ಇಳಿಯಿತು. 2012ರ ‘ಕ್ಯಾಂಡಿ ಕ್ರಶ್’ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅಲ್ಲಿ ಮಾರುವ ಮುಖ್ಯ ಸರಕು ಕಾಯುವಿಕೆ. ಐದು ಜೀವ ಮುಗಿದರೆ ಒಂದು ಜೀವ ಮರಳಿ ಬರಲು ಅರ್ಧ ಗಂಟೆ ಕಾಯಬೇಕು. ಕಾಯಲಾರದವನು ಗೆಳೆಯರಲ್ಲಿ ಬೇಡಬೇಕು, ಇಲ್ಲವೇ ಹಣ ತೆರಬೇಕು.

ಆಟಗಾರರು ಈ ಪುಕ್ಕಟೆಗೆ ಇಷ್ಟೊಂದು ಒಲಿದದ್ದು ಏಕೆ? “ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ” ಎಂಬ ಗಾದೆಯನ್ನು ಹೇಳಿ ಮುಗಿಸಿಬಿಡಬಹುದು. ಆದರೆ ಅದು ಅರ್ಧ ಸತ್ಯ. ಆಡುವವರಿಗೆ ಬೇಕಾದದ್ದು ಜೊತೆಗಾರರು. ಹತ್ತು ಗೆಳೆಯರಲ್ಲಿ ನಾಲ್ವರಿಗೆ ಮಾತ್ರ ಕೊಳ್ಳಲು ಶಕ್ತಿಯಿದ್ದರೆ ಆಟ ಕಳೆಗಟ್ಟುವುದಿಲ್ಲ. ಬಾಗಿಲು ತೆರೆದಿದ್ದರೆ ಹತ್ತು ಜನವೂ ಬರುತ್ತಾರೆ. ನಮ್ಮ ದೇಶವೇ ಇದಕ್ಕೆ ಸಾಕ್ಷಿ. ‘ಪಬ್‌ಜಿ’ 2017ರಲ್ಲಿ ಕಂಪ್ಯೂಟರಿಗೆ ಬಂದಾಗ ಹಣ ಕೊಟ್ಟು ಕೊಳ್ಳಬೇಕಾಗಿತ್ತು. ನಮ್ಮ ಹಳ್ಳಿಗಳಲ್ಲಿ ಅದರ ಹೆಸರು ಕೇಳಿದವರಿಲ್ಲ. 2018ರಲ್ಲಿ ಫೋನಿಗೆ ಪುಕ್ಕಟೆಯಾಗಿ ಬಂತು. ಇಂಟರ್‌ನೆಟ್ ಆಗಲೇ ಅಗ್ಗವಾಗಿತ್ತು. ಬಸ್ ನಿಲ್ದಾಣದಲ್ಲಿ, ಅಡಿಕೆ ಸುಲಿಯುವ ಅಂಗಳದಲ್ಲಿ ಎಲ್ಲೆಲ್ಲೂ ಅದೇ ಮಾತಾಯಿತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರ ಅದನ್ನು ನಿಷೇಧಿಸಿದಾಗ ಹುಡುಗರ ಮುಖ ನೋಡಬೇಕಿತ್ತು, ಮನೆಯಲ್ಲಿ ಯಾರೋ ತೀರಿಹೋದಂತೆ!

ಎರಡನೆಯದು ನ್ಯಾಯ. ಆಟಗಾರರು ಬೊಂಬೆಯ ಅಂಗಿಗೆ ದುಡ್ಡು ಕೇಳಿದರೆ ಸಹಿಸುತ್ತಾರೆ, ಗೆಲುವಿಗೆ ದುಡ್ಡು ಕೇಳಿದರೆ ಸಿಡಿದೇಳುತ್ತಾರೆ. ‘ಟೀಮ್ ಫೋರ್ಟ್ರೆಸ್ 2’ ಎಂಬ ಆಟ 2007ರಲ್ಲಿ ಬೆಲೆಯಿಟ್ಟು ಬಂದು 2011ರಲ್ಲಿ ಪುಕ್ಕಟೆಯಾಯಿತು. ಅಲ್ಲಿ ಬಣ್ಣಬಣ್ಣದ ಟೋಪಿಗಳಿಗೆ ಜನ ಸಂತೋಷದಿಂದ ಹಣ ಕೊಟ್ಟರು. ಅದೇ 2017ರ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಪೂರ್ತಿ ಬೆಲೆ ತೆಗೆದುಕೊಂಡದ್ದಲ್ಲದೆ, ಒಳಗೂ ಅದೃಷ್ಟದ ಪೆಟ್ಟಿಗೆಗಳ ಮೂಲಕ ಬಲವನ್ನು ಮಾರಲು ಹೊರಟಿತು. ಅಭಿಮಾನಿಗಳು ಎಬ್ಬಿಸಿದ ಗದ್ದಲಕ್ಕೆ ಕಂಪನಿ ಬಿಡುಗಡೆಯ ಮುನ್ನಾದಿನವೇ ಆ ಮಾರಾಟವನ್ನು ನಿಲ್ಲಿಸಬೇಕಾಯಿತು. ಕಬಡ್ಡಿಯಲ್ಲಿ ಹೊಸ ಚಡ್ಡಿ ತೊಟ್ಟು ಬಂದವನನ್ನು ಯಾರೂ ಆಕ್ಷೇಪಿಸುವುದಿಲ್ಲ. ಅಂಪೈರಿಗೆ ದುಡ್ಡು ಕೊಟ್ಟವನನ್ನು ಬಿಡುವುದಿಲ್ಲ. ಇದನ್ನು ಓದಿ ಮಕ್ಕಳ ಮೇಲಿನ ಗೌರವ ನನಗೆ ಹೆಚ್ಚಿತು.

ಆದರೆ ಆಟಗಾರರನ್ನು ಬರೀ ಹೊಗಳಿದರೆ ಚರಿತ್ರೆಗೆ ಅಪಚಾರ ಮಾಡಿದಂತೆ. 2016ರ ಡಿಸೆಂಬರಿನಲ್ಲಿ ಜಪಾನಿನ ನಿಂಟೆಂಡೊ ಕಂಪನಿ ‘ಸೂಪರ್ ಮಾರಿಯೋ ರನ್’ ಎಂಬ ಆಟವನ್ನು ಫೋನಿಗೆ ತಂದಿತು. ಅದರ ವ್ಯವಹಾರ ಹಳೆಯ ಶೇರ್‌ವೇರಿನಂತೆಯೇ ನೇರ. ಆರಂಭದ ಕೆಲವು ಹಂತ ಪುಕ್ಕಟೆ, ಮೆಚ್ಚಿದರೆ ಒಮ್ಮೆ 9.99 ಡಾಲರ್ ಕೊಡಿ, ಆಮೇಲೆ ಯಾರೂ ಕೈಯೊಡ್ಡುವುದಿಲ್ಲ. ಜನ ಮುಗಿಬಿದ್ದು ಇಳಿಸಿಕೊಂಡರು, ಬೆಲೆ ಕಂಡು ಬಹುಪಾಲು ಮಂದಿ ಹಿಂದಿರುಗಿದರು. ಎರಡೇ ತಿಂಗಳ ಮೇಲೆ ಅದೇ ಕಂಪನಿಯ ‘ಫೈರ್ ಎಂಬ್ಲೆಮ್ ಹೀರೋಸ್’ ಬಂತು. ಪ್ರವೇಶ ಪುಕ್ಕಟೆ, ವೀರರನ್ನು ಪಡೆಯಲು ಲಾಟರಿಯಂತೆ ಮತ್ತೆ ಮತ್ತೆ ಎತ್ತಬೇಕು. ಗಳಿಕೆಯಲ್ಲಿ ಅದು ಮಾರಿಯೋವನ್ನು ಮೀರಿಸಿತು. ಮುಖಕ್ಕೆ ಹೇಳಿದ ಬೆಲೆಗೆ ನಾವು ಹೌಹಾರುತ್ತೇವೆ, ಚೂರು ಚೂರಾಗಿ ಕೇಳಿದರೆ ಕೊಡುತ್ತೇವೆ. ವ್ಯಾಪಾರಿಗಳನ್ನು ಈ ದಾರಿಗೆ ಎಳೆದದ್ದರಲ್ಲಿ ಕೊಳ್ಳುವವರ ಕೈಯೂ ಇದೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಈ ಪುಕ್ಕಟೆ ಆಟಗಳ ಖರ್ಚು ಯಾರದು? ಆಡುವವರಲ್ಲಿ ಹೆಚ್ಚಿನವರು ಒಂದು ಕಾಸೂ ಕೊಡುವುದಿಲ್ಲ. ಕೊಡುವ ಕೆಲವರಲ್ಲಿಯೂ ಬೆರಳೆಣಿಕೆಯ ಮಂದಿ ಅಪಾರವಾಗಿ ಕೊಡುತ್ತಾರೆ. ಆ ಉದ್ಯಮದವರು ಅಂಥವರನ್ನು ‘ತಿಮಿಂಗಿಲ’ ಎಂದು ಕರೆಯುತ್ತಾರೆ. ನೋಡಲು ಇದು ನಮ್ಮ ಹರಕೆಯಾಟದಂತೆಯೇ ಇದೆ, ಅಲ್ಲವೇ? ಒಬ್ಬ ಭರಿಸುತ್ತಾನೆ, ಊರು ನೋಡುತ್ತದೆ. ಆದರೆ ಹರಕೆಯವನಿಗೆ ತನ್ನ ಖರ್ಚಿನ ಲೆಕ್ಕ ಮೊದಲೇ ಗೊತ್ತು, ತಿಮಿಂಗಿಲಕ್ಕೆ ಗೊತ್ತಿಲ್ಲ. ಹರಕೆಯವನನ್ನು ಊರು ಗೌರವಿಸುತ್ತದೆ, ತಿಮಿಂಗಿಲವನ್ನು ಬೇಟೆಯಾಡುತ್ತಾರೆ. ಕೆಲವೊಮ್ಮೆ ಆ ತಿಮಿಂಗಿಲ ಹತ್ತು ವರ್ಷದ ಮಗುವಾಗಿರುತ್ತದೆ. ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳು ಮಾಡಿದ ಖರೀದಿಗಳಿಗಾಗಿ ಕನಿಷ್ಠ 3.25 ಕೋಟಿ ಡಾಲರ್ ಮರಳಿಸಲು ಆಪಲ್ 2014ರಲ್ಲಿ ಒಪ್ಪಬೇಕಾಯಿತು. ಗುಂಡಿಗಳನ್ನು ಗೊಂದಲವಾಗುವಂತೆ ಜೋಡಿಸಿ, ಬೇಡದ್ದನ್ನೂ ಕೊಳ್ಳುವಂತೆ ಮಾಡಿದ ಆರೋಪದ ಮೇಲೆ ‘ಫೋರ್ಟ್‌ನೈಟ್’ ಆಟದ ಎಪಿಕ್ ಕಂಪನಿ 2022ರಲ್ಲಿ 24.5 ಕೋಟಿ ಡಾಲರ್ ಹಿಂದಿರುಗಿಸಲು ಒಪ್ಪಿತು. ಬೆಲ್ಜಿಯಂ ದೇಶ 2018ರಲ್ಲಿಯೇ ಹಣ ಕೊಟ್ಟು ತೆರೆಯುವ ಅದೃಷ್ಟದ ಪೆಟ್ಟಿಗೆಗಳನ್ನು ಜೂಜೆಂದು ಪರಿಗಣಿಸಿತು.

ಹಾಗಾದರೆ ಕಾಸು ಕೊಡದ ಆಟಗಾರನಿಗೆ ಎಲ್ಲವೂ ಲಾಭವೇ? ಅಲ್ಲ. ಅಂಗಿ ಕೊಂಡವನಿಗೆ ಅದನ್ನು ನೋಡುವವರು ಬೇಕು. ನೋಡಿ ಆಸೆಪಡುವ ಸಾವಿರಾರು ಬರಿಗೈಯವರು ಇಲ್ಲದಿದ್ದರೆ ಆ ಅಂಗಿಗೆ ಬೆಲೆಯೇ ಇಲ್ಲ. ಪುಕ್ಕಟೆ ಆಡುವ ನನ್ನ ಮೊಮ್ಮಗ ಆ ಜಾತ್ರೆಯ ಜನಜಂಗುಳಿಯಾಗಿ ದಿನಕ್ಕೆ ಎರಡು ಗಂಟೆ ದುಡಿಯುತ್ತಾನೆ. ಶಾಸನದ ಕಾಲದ ‘ಬಿಟ್ಟಿ’ ಇದೇ.

ಎಲ್ಲವೂ ಹೀಗೆಯೇ ಎಂದಲ್ಲ. 1987ರಿಂದ ನಡೆದುಬಂದ ‘ನೆಟ್‌ಹ್ಯಾಕ್’, 2003ರಲ್ಲಿ ಆರಂಭವಾದ ‘ವೆಸ್ನಾತ್’ ಮುಂತಾದ ಆಟಗಳನ್ನು ಆಸಕ್ತರು ತಾವೇ ಕಟ್ಟಿ, ತಿದ್ದಿ, ಹಂಚುತ್ತ ಬಂದಿದ್ದಾರೆ. ಅವುಗಳ ಒಡಲನ್ನೇ ಬಿಚ್ಚಿ ನೋಡಿ ಕಲಿಯಬಹುದು. ಡೂಮ್ ಆಟದ ಮೂಲ ಬರವಣಿಗೆಯನ್ನು ಕೂಡ ಅದರ ಕರ್ತೃಗಳು 1997ರಲ್ಲಿ ಲೋಕಕ್ಕೆ ತೆರೆದಿಟ್ಟರು. ದಾನದ ಕಾಲ ಇನ್ನೂ ಪೂರ್ತಿ ಮುಗಿದಿಲ್ಲ.

ಮೊಮ್ಮಗನಿಗೆ ಮುನ್ನೂರು ರೂಪಾಯಿ ಕೊಡಲಿಲ್ಲ. ಬೈಯಲೂ ಇಲ್ಲ, ಒಮ್ಮೆ ಬೈದು ಕಲಿತ ಪಾಠ ಸಾಕಾಗಿತ್ತು. ಇಬ್ಬರೂ ಜಗಲಿಯಲ್ಲಿ ಕುಳಿತು ಆ ಆಟದ ಅಂಗಡಿಯನ್ನು ಒಂದೊಂದೇ ಪುಟವಾಗಿ ನೋಡಿದೆವು. ಯಾವುದಕ್ಕೆ ಎಷ್ಟು ಎಂದು ನೋಟ್ ಪುಸ್ತಕದಲ್ಲಿ ಬರೆಸಿದೆ. ರೂಪಾಯಿ ಎಂದು ಎಲ್ಲಿಯೂ ಬರೆದಿರಲಿಲ್ಲ, ಎಲ್ಲವೂ ಹರಳುಗಳ ಲೆಕ್ಕದಲ್ಲಿತ್ತು. ಹರಳನ್ನು ರೂಪಾಯಿಗೆ ಪರಿವರ್ತಿಸುವ ಲೆಕ್ಕವನ್ನು ಅವನೇ ಮಾಡಿದ. ಕೂಡಿಸಿ ಮುಗಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜಾ, ಇದು ಫ್ರೀ ಅಲ್ಲ ಅಲ್ವಾ?” ಎಂದ. ಮರುದಿನ ಮತ್ತೆ ಆಡಿದ, ಆಡಲಿ. ಅಂಗಿ ಕೇಳಲಿಲ್ಲ.

ಇನ್ನು 1996ರ ಆ ಹುಡುಗನಿಗೆ ಎರಡು ಮಾತು. ನಿನ್ನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಓದಿದರೆ ನಿನಗೆ ತಿಳಿಯುತ್ತದೆ. ಅಂದು ನೀನು ಸತ್ಯ ಹೇಳಿದ್ದೆ, ನಾನು ನಂಬಲಿಲ್ಲ. ಎಲ್ಲರೆದುರು ನಿನ್ನಿಂದ ಕ್ಷಮೆ ಕೇಳಿಸಿದ್ದೆ. ಇಂದು ಎಲ್ಲರೆದುರು ನಾನು ನಿನ್ನ ಕ್ಷಮೆ ಕೇಳುತ್ತಿದ್ದೇನೆ. ಶಾಲೆಯ ಕೋಣೆಯಲ್ಲಿ ಆಡಿದ್ದು ತಪ್ಪು. ಅಷ್ಟಕ್ಕೆ ಬೈದು ಸುಮ್ಮನಾಗಬೇಕಿತ್ತು. ಕಳ್ಳ ಎಂದದ್ದು ನನ್ನ ತಪ್ಪು. ನಿನ್ನ ಫ್ಲಾಪಿ ಈಗಲೂ ನನ್ನ ಮೇಜಿನ ಖಾನೆಯಲ್ಲಿ, ಹಳೆಯ ಹಾಜರಿ ಪುಸ್ತಕದ ಕೆಳಗಿದೆ. ಅದನ್ನು ಓದುವ ಯಂತ್ರ ಈಗ ನಿನ್ನಲ್ಲಿಯೂ ಇರಲಾರದು. ಆದರೂ ಅದು ನಿನ್ನದು. ಊರ ಕಡೆ ಬಂದಾಗ ಮನೆಗೆ ಬಂದು ತೆಗೆದುಕೊಂಡು ಹೋಗು.